ಕುಬಸದ ದುಡ್ಡಿನ ಗರಗಸ

ಅಕ್ಕ ತೀರಿಕೊಂಡು ಒಂಬತ್ತು ತಿಂಗಳಾಯಿತು. ಅವಳ ಬಗ್ಗೆ ಯಾರಾದರೂ ಕೇಳಿದರೆ ಎರಡು ಮಾತು ಹೇಳಿ, ಕೆಲಸದ ನೆಪ ತೆಗೆದು ಎದ್ದು ಹೋಗುತ್ತೇನೆ. ಬರೆಯಲು ಕುಳಿತರೆ ಹಾಗಾಗುವುದಿಲ್ಲ ಎಂದು ಈಚೆಗೆ ಗೊತ್ತಾಗಿದೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಸರಕಾರಿ ಶಾಲೆಯಲ್ಲಿ ಉರ್ದು, ಸಂಜೆ ಮಠದ ಅಯ್ಯನವರ ಹತ್ತಿರ ಕನ್ನಡ. ನನಗೆ ಸರಿಯಾಗಿ ಬರುವುದು ಮರಗೆಲಸ ಒಂದೇ. ಆದ್ದರಿಂದ ಅಕ್ಕನ ಮಾತನ್ನೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಬಸವಕಲ್ಯಾಣಕ್ಕೆ ಆಗ ಎಲ್ಲರೂ ಕಲ್ಯಾಣಿ ಅನ್ನುತ್ತಿದ್ದರು. ಸಂಸ್ಥಾನದ ಹಾಲಿ ರೂಪಾಯಿ ನಡೆಯುತ್ತಿದ್ದ ಕಾಲ, ಮೂವತ್ತರ ದಶಕದ ನಡುವಿನ ವರ್ಷಗಳು. ಅಪ್ಪ ಅಲ್ಲಿ ಬಡಿಗ. ನನಗೆ ಹದಿನಾರು ತುಂಬುವ ಮೊದಲೇ ಜ್ವರದಲ್ಲಿ ಹೋದ. ಮರುವರ್ಷ ಅಕ್ಕನನ್ನು ಚಿಟಗುಪ್ಪೆಗೆ ಕೊಟ್ಟೆವು. ಮದುವೆಯ ಖರ್ಚಿಗೆ ಅವ್ವ ಅಪ್ಪನ ಹತ್ಯಾರಗಳನ್ನು ಮಾರಿದಳು. ಬೇಮಳಖೇಡದಿಂದ ಬಂದ ಒಬ್ಬ ಬಡಿಗ ಕೆತ್ತುವ ಬಾಚಿ, ಉಳಿ, ಗರಗಸ, ನುಣುಪು ಮಾಡುವ ರಂದಾ ಎಲ್ಲವನ್ನೂ ಒಂದೇ ಗೋಣಿಚೀಲದಲ್ಲಿ ತುಂಬಿಕೊಂಡು ಹೋದ. ಸಾಣೆಕಲ್ಲು ಮಾತ್ರ ಬೇಡ ಅಂದ. ಅಪ್ಪ ತಿಕ್ಕಿ ತಿಕ್ಕಿ ಅದರ ನಡುವೆ ತಗ್ಗು ಬಿದ್ದಿತ್ತು. ಇನ್ನು ಉಳಿದದ್ದು ಸಾಗವಾನಿಯ ಎರಡು ಹಲಗೆ. ಅವುಗಳ ಮೇಲೆ ಅವ್ವ ನೀರಿನ ಕೊಡಗಳನ್ನು ಇಡುತ್ತಿದ್ದಳು.

ನಾನು ಊರಿನ ಒಬ್ಬ ಮೇಸ್ತ್ರಿಯ ಹತ್ತಿರ ಕೆಲಸಕ್ಕೆ ಸೇರಿದೆ. ನಮ್ಮ ಕಸುಬಿನಲ್ಲಿ ಒಂದು ನಿಯಮವಿತ್ತು. ಸ್ವಂತ ಹತ್ಯಾರ ತಂದವನಿಗೆ ಪೂರ್ತಿ ಪಗಾರ, ಬರಿಗೈಯಲ್ಲಿ ಬಂದವನಿಗೆ ಅರ್ಧ. ಮೇಸ್ತ್ರಿಯ ಹತ್ಯಾರಗಳನ್ನು ಮೇಸ್ತ್ರಿಯ ಕೆಲಸಕ್ಕೆ ಮಾತ್ರ ಮುಟ್ಟಬೇಕು, ಸ್ವಂತದ ಒಂದು ಮಣೆಗೂ ಮುಟ್ಟುವಂತಿಲ್ಲ. ನವರಾತ್ರಿಯ ಖಂಡೆ ಪೂಜೆಯ ದಿನ ಎಲ್ಲರೂ ತಮ್ಮ ತಮ್ಮ ಹತ್ಯಾರಗಳನ್ನು ತೊಳೆದು ಸಾಲಾಗಿ ಇಟ್ಟು ಕುಂಕುಮ ಹಚ್ಚುತ್ತಿದ್ದರು. ನಾನು ನನ್ನ ಪಾಲಿನ ಜಾಗದಲ್ಲಿ ಅಪ್ಪನ ಸಾಣೆಕಲ್ಲು ಇಟ್ಟೆ. ಹಬ್ಬಕ್ಕೆ ಬಂದಿದ್ದ ಅಕ್ಕ ಅದನ್ನು ನೋಡಿದಳು.

ಮುಂದಿನ ವರ್ಷ ಅಕ್ಕ ಬಸುರಿಯಾದಳು. ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ, ಚೊಚ್ಚಲ ಹೆರಿಗೆಗೆ ತವರಿಗೆ ಕರೆದುಕೊಂಡು ಬರಬೇಕು. ವಿಧವೆಯೆಂದು ಅವ್ವ ಹಿಂದೆ ಉಳಿದಳು. ಮೇಸ್ತ್ರಿಯ ಬಂಡಿ ಕೇಳಿಕೊಂಡು, ಅವ್ವ ಕಟ್ಟಿಕೊಟ್ಟ ಬುತ್ತಿ ಮತ್ತು ಹಸಿರು ಕುಬಸದ ಬಟ್ಟೆ ತೆಗೆದುಕೊಂಡು ನಾನೊಬ್ಬನೇ ಚಿಟಗುಪ್ಪೆಗೆ ಹೋದೆ.

ಕಾರ್ಯ ಚೆನ್ನಾಗಿಯೇ ಆಯಿತು. ಹೆಂಗಸರು ಅಕ್ಕನ ಉಡಿ ತುಂಬಿ, ಒಬ್ಬೊಬ್ಬರು ಒಂದೊಂದು ರೂಪಾಯಿ, ಅರ್ಧ ರೂಪಾಯಿ ಆಹೇರಿ ಕೊಟ್ಟರು. ಕುಬಸದ ಆಹೇರಿ ಬಸುರಿಯದೇ, ಅದಕ್ಕೆ ಮತ್ತೊಬ್ಬರು ಕೈ ಹಾಕುವುದಿಲ್ಲ. ಊಟ ಮುಗಿದು ಎಲ್ಲರೂ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಅಕ್ಕನ ಅತ್ತೆ ನನ್ನ ಕಡೆ ತಿರುಗಿದರು.

"ಏನಪ, ತೊಟ್ಟಿಲ ತವರಿಂದ ಬರಬೇಕು, ಗೊತ್ತದನ?"

"ಗೊತ್ತದರಿ."

"ಹೆಸರಿಗಿ ಬಡಿಗೇರ ಮನಿ. ಹತ್ಯಾರ ಮಾರ್ಕೊಂಡ ಬಡಿಗೇರು ತೊಟ್ಟಿಲ ಎಲ್ಲಿಂದ ತರ್ತಾರ ನೋಡಮು."

ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ನೆಲ ನೋಡಿದೆ. ಅಕ್ಕ ಮಾತ್ರ ತಲೆ ತಗ್ಗಿಸಲಿಲ್ಲ. ನಾಮಕರಣದ ದಿನ ತವರಿನ ತೊಟ್ಟಿಲು ಇರದಿದ್ದರೆ ಆ ಮಾತನ್ನು ಅವಳು ಜೀವನವಿಡೀ ಕೇಳಬೇಕಾಗಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಹೊರಟೆವು. ಚಿಟಗುಪ್ಪೆಯಿಂದ ಕಲ್ಯಾಣಿಗೆ ಹುಮನಾಬಾದಿನ ಮೇಲೆಯೇ ಹೋಗಬೇಕು. ಊರು ಹತ್ತಿರ ಬರುತ್ತಿದ್ದಂತೆ ಅಕ್ಕ ಬಂಡಿಯಲ್ಲಿ ಹುಲ್ಲಿನ ಮೇಲೆ ಎದ್ದು ಕುಳಿತಳು.

"ತಮ್ಮಾ, ಬಂಡಿ ಬಜಾರಕ್ಕ ಹೊಡಿ."

"ಯಾಕ? ಏನರ ತಿನ್ನಾಕ ಬೇಕೇನು?"

"ತಿನ್ನಾಕಲ್ಲ. ಹತ್ಯಾರ ತಗೊಳ್ಳಾಕ."

ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಹದಿನೆಂಟು ರೂಪಾಯಿ ಇತ್ತು.

"ಅಕ್ಕಾ, ಅದು ನಿನ್ನ ಕುಬಸದ ದುಡ್ಡು."

"ನಂದು ಅಂದ ಮ್ಯಾಲ ನಾ ಯಾರಿಗಿ ಬೇಕ ಅವರಿಗಿ ಕೊಡ್ತೀನಿ. ನಿನ್ನ ಹತ್ಯಾರ ನನ್ನ ಲಗ್ನದಾಗ ಹೋದವು. ನನ್ನ ಕುಬಸದಾಗ ಬರ್ಲಿ."

"ಹಂಗಾದ್ರ ಅದರಾಗ ಒಂದು ತೊಟ್ಟಿಲಾನೇ ತಗೊಳ್ಳಮು. ಕೆಲಸ ಮುಗೀತದ."

"ತೊಟ್ಟಿಲ ತಗೊಂಡ್ರ ಒಂದು ತೊಟ್ಟಿಲ ಬರ್ತದ. ಹತ್ಯಾರ ತಗೊಂಡ್ರ ತೊಟ್ಟಿಲಾನೂ ಬರ್ತದ, ನಿನ್ನ ಪೂರಾ ಪಗಾರಾನೂ ಬರ್ತದ. ಸಾಲಿಗಿ ಹೋದಾಂವ ನೀನು, ಲೆಕ್ಕ ನಾ ಹೇಳಬೇಕೇನು?"

ನಾನು ಎತ್ತುಗಳನ್ನು ಬಜಾರಿನ ಕಡೆ ತಿರುಗಿಸಿದೆ.

ಹುಮನಾಬಾದಿನಲ್ಲಿ ಕಬ್ಬಿಣದ ಸಾಮಾನು ಮಾರುವ ಒಬ್ಬ ಮುಸಲ್ಮಾನ ಮುದುಕನ ಅಂಗಡಿ ಇತ್ತು. ಅಪ್ಪ ಅಲ್ಲಿಯೇ ಕೊಳ್ಳುತ್ತಿದ್ದ. ಸುತ್ತಲಿನ ಬಡಿಗರೆಲ್ಲ ಅವನನ್ನು ಚಾಚಾ ಅನ್ನುತ್ತಿದ್ದರು. ಅಕ್ಕನನ್ನು ನೋಡಿ ಅವನು ಗಾದಿಯಿಂದ ಎದ್ದು ಒಂದು ಗೋಣಿತಟ್ಟು ಹಾಸಿದ.

"ಕೂಡು ಬೇಟಿ. ಇಂಥಾ ಹೊತ್ತಿನಾಗ ನಿಂದರಬಾರ್ದು. ಏನ ಬೇಕು?"

"ನನಗಲ್ಲ ಚಾಚಾ, ಇವಗ. ಹದಿನೆಂಟು ರೂಪಾಯಿ ಅವ. ಹತ್ತೊಂಬತ್ತನೇದ್ದು ಇಲ್ಲ, ಕೇಳಬ್ಯಾಡ್ರಿ."

ಮುದುಕ ನಕ್ಕ. "ಮೊದಲೇ ಹೇಳಿದಿ. ಚಲೋ ಆತು."

ಹತ್ಯಾರ ಆರಿಸುವುದು ನನಗೆ ಗೊತ್ತಿತ್ತು. ಈಗಲೂ ನಾನು ಅದನ್ನೇ ಹೇಳುವುದು. ದುಡ್ಡು ಕಡಿಮೆ ಇದ್ದಾಗ ಕಬ್ಬಿಣಕ್ಕೆ ಮಾತ್ರ ದುಡ್ಡು ಕೊಡಬೇಕು, ಕಟ್ಟಿಗೆಗೆ ಕೊಡಬಾರದು. ಬಾಚಿಯ ಕಾವು, ಉಳಿಯ ಹಿಡಿ, ರಂದಾದ ಮೈ, ತೂತು ಕೊರೆಯುವ ಬೈರಿಗೆಯ ಬಿಲ್ಲು, ಇವೆಲ್ಲ ಬಡಿಗನ ಮನೆಯಲ್ಲೇ ಆಗುತ್ತವೆ. ಹಾಗಾಗಿ ರಂದಾದ ಅಲಗನ್ನಷ್ಟೇ ತೆಗೆದುಕೊಂಡೆ, ಬೈರಿಗೆಯ ಮೊನೆಯನ್ನಷ್ಟೇ ತೆಗೆದುಕೊಂಡೆ. ಉಳಿಯನ್ನು ದಾರದಲ್ಲಿ ತೂಗಿಬಿಟ್ಟು ಉಗುರಿನಿಂದ ಬಡಿದು ಕೇಳಬೇಕು. ಸೀಳು ಇದ್ದರೆ ದನಿ ಒಡಕಾಗಿ ಬರುತ್ತದೆ, ಒಳ್ಳೆಯ ಉಕ್ಕಿನದು ಸಣ್ಣಗೆ ಎಳೆದು ನಿಲ್ಲುತ್ತದೆ. ಬೆನ್ನು ನೆಟ್ಟಗಿದೆಯೋ ಇಲ್ಲವೋ ಎಂದು ಬೆಳಕಿನ ಕಡೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಬೇಕು. ಹತ್ತು ಉಳಿಗಳಲ್ಲಿ ಎರಡನ್ನು ತೆಗೆದಿಟ್ಟೆ, ಒಂದು ಅಗಲದ್ದು, ಒಂದು ಕಿರಿದು. ಚಾಚಾ ತಲೆ ಆಡಿಸಿದ.

ಬಾಚಿಯ ಸರದಿ ಬಂದಾಗ ಅಕ್ಕ ಮಾತಾಡಿದಳು.

"ಕೂತು ನೋಡು."

"ಏನು?"

"ಅಪ್ಪ ಹ್ಯಾಂಗ ಕೂತು ಕೆಲಸ ಮಾಡ್ತಿದ್ದನೋ ಹಂಗ ಕೂತು ನೋಡು. ನಿಂತು ನೋಡಿದ್ರ ಎಲ್ಲಾ ಹತ್ಯಾರಾನೂ ಚಲೋನೇ ಕಾಣ್ತಾವ."

ನಮ್ಮ ಕಡೆಯ ಬಡಿಗ ನೆಲದ ಮೇಲೆ ಕುಳಿತು, ಕಟ್ಟಿಗೆಯನ್ನು ಎರಡು ಪಾದಗಳ ನಡುವೆ ಹಿಡಿದು ಕೆಲಸ ಮಾಡುತ್ತಾನೆ. ಪಾದಗಳೇ ಅವನಿಗೆ ಇನ್ನೆರಡು ಕೈ. ಅಕ್ಕ ಚಿಕ್ಕಂದಿನಿಂದ ಅಪ್ಪನ ಎದುರಿಗೆ ಕುಳಿತು ಅದನ್ನು ನೋಡಿದವಳು. ಚಾಚಾ ಒಂದು ಕಟ್ಟಿಗೆಯ ತುಂಡು ಎಸೆದ. ನಾನು ಅಂಗಡಿಯ ಮುಂದೆ ನೆಲಕ್ಕೆ ಕುಳಿತು, ಹಳೆಯ ಕಾವೊಂದನ್ನು ಸಿಕ್ಕಿಸಿ ಮೂರು ಬಾಚಿ ನೋಡಿದೆ. ಮೂರನೆಯದು ಕೈಗೆ ಹೊಂದಿತು.

ಅಷ್ಟರಲ್ಲಿ ಎದುರಿನ ಚಹಾದ ಅಂಗಡಿಯ ಮುಂದೆ ನಿಂತಿದ್ದ ಇಬ್ಬರು ನನ್ನನ್ನೇ ನೋಡುತ್ತಿದ್ದರು. ಒಬ್ಬ ಗಟ್ಟಿಯಾಗಿಯೇ ಅಂದ, "ಅಲ್ಲಿ ನೋಡೋ. ಸಾಮಾನು ತಗೊಳ್ಳಾಕ ಬಂದಾನೋ, ಸಂಸಾರ ಹೂಡಾಕ ಬಂದಾನೋ?"

ನಾನು ಧೂಳು ಕೊಡವಿಕೊಂಡು ಎದ್ದೆ. ನನಗೆ ಆಗ ಹದಿನೆಂಟು ವರ್ಷ. ಆ ಮಾತು ಕಿವಿಯಲ್ಲಿ ಬಿಸಿಯಾಗಿ ಕೂತಿತು.

ಇನ್ನು ಉಳಿದದ್ದು ಗರಗಸ. ಕಮ್ಮಾರರು ಬಡಿದು ಮಾಡಿದ ಗರಗಸಗಳು ಒಂದು ಮೂಲೆಯಲ್ಲಿ ಕಪ್ಪಗೆ ನಿಂತಿದ್ದವು. ಅವುಗಳ ಮೇಲೆ, ಗೋಡೆಗೆ, ಒಂದು ವಿಲಾಯತಿ ಗರಗಸ ತೂಗಾಡುತ್ತಿತ್ತು. ಅಲಗು ಕನ್ನಡಿಯ ಹಾಗೆ, ಹಿಡಿಗೆ ಹಿತ್ತಾಳೆಯ ಮೊಳೆ. ನಾನು ಅದನ್ನು ಇಳಿಸಿ ಕೊಡಲು ಹೇಳಿದೆ. ಅಲಗನ್ನು ಬಾಗಿಸಿ ಬಿಟ್ಟರೆ ಗುಂಯ್ ಎಂದು ನೆಟ್ಟಗಾಯಿತು. ಅಂಥ ಉಕ್ಕನ್ನು ನಾನು ಅದುವರೆಗೆ ಮುಟ್ಟಿರಲಿಲ್ಲ.

"ಅದು ಸಾಹೇಬರ ಬಂಗಲೆ ಕಟ್ಟೋ ಬಡಿಗೇರದು ಬೇಟಾ," ಅಂದ ಚಾಚಾ. "ಅವರು ಮೇಜಿನ ಮ್ಯಾಲ ಇಟ್ಟು ಕೊಯ್ತಾರ."

ಅವನು ಹೇಳಿದ್ದು ಎಚ್ಚರಿಕೆ. ನಾನು ಕೇಳಿಸಿಕೊಂಡದ್ದು ಹೊಗಳಿಕೆ.

"ಕೂತು ನೋಡು," ಅಂದಳು ಅಕ್ಕ.

"ಗರಗಸದಾಗ ಕೂತು ನೋಡೋದು ಏನದ? ಗರಗಸ ಗರಗಸಾನೇ."

ಚಹಾದ ಅಂಗಡಿಯ ಮುಂದಿನವರು ಇನ್ನೂ ಅಲ್ಲೇ ಇದ್ದರು. ನಾನು ಕೂರಲಿಲ್ಲ. ಕಟ್ಟಿಗೆಗೆ ದುಡ್ಡು ಕೊಡಬಾರದು ಎಂಬ ನನ್ನ ನಿಯಮವನ್ನು ಮುರಿದು, ಹೊಳೆಯುವ ಹಿಡಿಗೂ ಸೇರಿಸಿ ಏಳು ರೂಪಾಯಿ ಕೊಟ್ಟೆ. ಕಮ್ಮಾರನ ಗರಗಸ ಎರಡು ರೂಪಾಯಿಗೆ ಬರುತ್ತಿತ್ತು.

ಕೊನೆಗೆ ಒಂದು ರೂಪಾಯಿ ಉಳಿಯಿತು. ನನಗೆ ಮೂರನೆಯ ಉಳಿ ಬೇಕಾಗಿತ್ತು. ಅಕ್ಕ ಗರಗಸದ ಹಲ್ಲು ಮಸೆಯುವ ಮುಮ್ಮೂಲೆ ಕಾನಸಿನ ಮೇಲೆ ಕೈ ಇಟ್ಟಳು.

"ಹಲ್ಲು ಮೊಂಡಾದ್ರ ಏನ ಮಾಡ್ತಿ? ಮೇಸ್ತ್ರಿ ಮುಂದ ಹೋಗಿ ಕಾನಸು ಕೊಡ್ರಿ ಅಂತ ಕೈ ಮುಗೀತಿ?"

ಕಾನಸನ್ನು ತೆಗೆದುಕೊಂಡೆವು. ದುಡ್ಡು ಮುಗಿಯಿತು. ಊರು ಮುಟ್ಟುವವರೆಗೂ ಗರಗಸವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂಡಿ ಹೊಡೆದೆ.

ವಾರದೊಳಗೆ ಕಾವು, ಹಿಡಿ, ರಂದಾದ ಮೈ ಎಲ್ಲ ಸಿದ್ಧ ಮಾಡಿಕೊಂಡೆ. ಅಪ್ಪನ ಸಾಣೆಕಲ್ಲಿನ ಮೇಲೆ ಉಳಿಗಳಿಗೆ ಹರಿತವಾದ ಬಾಯಿ ತಂದೆ. ಅವ್ವ ಕೊಡಗಳನ್ನು ನೆಲಕ್ಕಿಳಿಸಿ ಎರಡು ಹಲಗೆಗಳನ್ನು ಕೊಟ್ಟಳು. ತೊಟ್ಟಿಲಿಗೆ ಅವು ಅಳತೆಗೆ ಸರಿಯಾಗಿದ್ದವು. ಒಂದು ಗೇಣು ಹೆಚ್ಚಿಲ್ಲ, ಮತ್ತೊಂದು ಹಲಗೆ ತರಲು ದುಡ್ಡಿಲ್ಲ.

ಹೊಸ ಗರಗಸ ಹಿಡಿದು ಕುಳಿತೆ. ಹಲಗೆಯನ್ನು ಪಾದಗಳ ನಡುವೆ ಹಿಡಿದು, ಗೆರೆಯ ಮೇಲೆ ಇಟ್ಟು ಎಳೆದೆ. ಗರಗಸ ಸುಮ್ಮನೆ ಜಾರಿ ಬಂತು. ಇನ್ನೊಮ್ಮೆ ಎಳೆದೆ. ಹೊಟ್ಟು ಉದುರಲಿಲ್ಲ. ಆಗ ಹಲ್ಲುಗಳನ್ನು ಸರಿಯಾಗಿ ನೋಡಿದೆ. ನಮ್ಮ ಗರಗಸದ ಹಲ್ಲುಗಳು ಹಿಡಿಯ ಕಡೆ ಬಾಗಿರುತ್ತವೆ, ಎಳೆದಾಗ ಕೊಯ್ಯುತ್ತವೆ. ಇದರ ಹಲ್ಲುಗಳು ಮುಂದಕ್ಕೆ ಬಾಗಿದ್ದವು. ಇದು ತಳ್ಳಿದಾಗ ಕೊಯ್ಯುವ ಗರಗಸ, ನಿಂತು ಮೇಜಿನ ಮೇಲೆ ಹಲಗೆ ಇಟ್ಟು ಮೈಭಾರ ಹಾಕುವವರಿಗಾಗಿ ಮಾಡಿದ್ದು. ಕುಳಿತು ತಳ್ಳಿದರೆ ಹಲಗೆಯೇ ಪಾದದಿಂದ ಜಾರಿ ಹೋಗುತ್ತದೆ. ಹಾಗೆಂದು ಗೊತ್ತಾದ ಮೇಲೂ ಹಟಕ್ಕೆ ಬಿದ್ದು ತಳ್ಳಿದೆ. ಅಲಗು ಬಾಗಿ, ಗೆರೆ ಬಿಟ್ಟು, ಹಲಗೆಯೊಳಗೆ ನಾಲ್ಕು ಬೆರಳಿನಷ್ಟು ಸೊಟ್ಟಗೆ ಇಳಿಯಿತು.

ಕೆಟ್ಟ ಹಲಗೆಯನ್ನು ಗೋಣಿಯ ಕೆಳಗೆ ಮುಚ್ಚಿಟ್ಟು ಎರಡು ದಿನ ಯಾರಿಗೂ ಹೇಳಲಿಲ್ಲ. ಮೇಸ್ತ್ರಿಯ ಕೆಲಸ ಮುಗಿಸಿ ಬಂದು, ಕಟ್ಟಿಗೆ ಇನ್ನೂ ಒಣಗಬೇಕು ಎಂದು ಅವ್ವನಿಗೆ ಹೇಳಿದೆ. ಅಪ್ಪ ಇದ್ದಾಗಿನಿಂದ ಒಣಗುತ್ತಿದ್ದ ಕಟ್ಟಿಗೆ ಅದು. ಅವ್ವ ನಂಬಿದಳೋ ಇಲ್ಲವೋ ಗೊತ್ತಿಲ್ಲ. ಮೂರನೆಯ ದಿನ ಅಕ್ಕ ಗೋಣಿಯ ಕೆಳಗಿಂದ ಹಲಗೆಯನ್ನು ತಾನೇ ಎಳೆದು ನೋಡಿದಳು.

"ಇದನ್ನ ಕೊಯ್ದಾಂವ ನೀನೋ, ಇಲಿಯೋ?"

ನಾನು ಎಲ್ಲವನ್ನೂ ಹೇಳಿದೆ. ಹಲ್ಲು ತೋರಿಸಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಗರಗಸವನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಹಲ್ಲುಗಳ ಮೇಲೆ ಮೆಲ್ಲಗೆ ಬೆರಳು ಆಡಿಸಿದಳು.

"ಬಾಚಿಗಿ ಕೂತಿ, ಇದಕ್ಕ ಕೂಡಲಿಲ್ಲ."

"ಅವರು ನಗಾಕತ್ತಿದ್ರು."

"ನಕ್ಕವರು ಈಗ ಎಲ್ಲಿ ಅದಾರ? ಗರಗಸ ಇಲ್ಲೇ ಅದ." ಗರಗಸವನ್ನು ಬೆಳಕಿಗೆ ತಿರುಗಿಸಿ ಕೇಳಿದಳು, "ಹಲ್ಲು ಕಾನಸಿನಿಂದ ಮಸೀತಾರಲ್ಲ?"

"ಹೂಂ."

"ಮಸಿಯೋದು ಬರ್ತದ ಅಂದ್ರ ಪೂರಾ ತಿಕ್ಕಿ ತೆಗ್ಯೋದೂ ಬರ್ತದ. ಇವನ್ನ ತೆಗದು ಈ ಕಡಿ ಮಾರಿ ಮಾಡಿ ಹೊಸಾ ಹಲ್ಲು ಕಡಿ."

"ಹಲಗಿ ಏನ ಮಾಡ್ಲಿ? ನಾಕು ಬಟ್ಟು ಹಾಳಾಗ್ಯಾದ."

"ಕೂಸು ನಿನ್ನಷ್ಟು ಉದ್ದ ಹುಟ್ಟತದೇನು? ನಾಕು ಬಟ್ಟು ಗಿಡ್ಡ ಮಾಡು."

ಹಳೆಯ ಹಲ್ಲುಗಳ ಅಂತರವನ್ನು ಮೊದಲು ಒಂದು ಬಿದಿರಿನ ಸೀಳಿನ ಮೇಲೆ ಒತ್ತಿ ಗುರುತು ಮಾಡಿಕೊಂಡೆ. ಆಮೇಲೆ ಅಲಗನ್ನು ಕಟ್ಟಿಗೆಯ ಎರಡು ಪಟ್ಟಿಗಳ ನಡುವೆ ಹಗ್ಗದಿಂದ ಬಿಗಿದು, ಏಳು ರೂಪಾಯಿಯ ಹಲ್ಲುಗಳನ್ನು ತಿಕ್ಕಿ ನುಣ್ಣಗೆ ಮಾಡಿದೆ. ಅದು ಸುಲಭದ ಕೆಲಸವಾಗಿರಲಿಲ್ಲ. ಉಕ್ಕು ಗಟ್ಟಿ, ಕಾನಸು ಒಂದೇ. ಮೇಸ್ತ್ರಿಯ ಕೆಲಸಕ್ಕೆ ಹೋಗುವ ಮೊದಲು ಒಂದಿಷ್ಟು, ಬಂದ ಮೇಲೆ ಬೆಳಕು ಇರುವವರೆಗೆ ಒಂದಿಷ್ಟು, ಆರು ದಿನ ಹಲ್ಲು ಕಡಿದೆ. ಅಕ್ಕ ಎದುರಿಗೆ ಗೋಡೆಗೆ ಒರಗಿ ಕುಳಿತು ಪಟ್ಟಿ ಅಲುಗದಂತೆ ಪಾದದಿಂದ ಒತ್ತಿ ಹಿಡಿಯುತ್ತಿದ್ದಳು. ನಡುವೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಕಾನಸಿನ ಸಪ್ಪಳಕ್ಕ ಇದೂ ಒದೀಲಾಕತ್ತದ. ಬಡಿಗೇರ ಕೂಸೇ," ಅನ್ನುತ್ತಿದ್ದಳು. ಕೊನೆಗೆ ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿಸಿ, ಒಂದು ಜಾಲಿಯ ತುಂಡಿನ ಮೇಲೆ ಇಟ್ಟು ಎಳೆದೆ.

ಹೊಟ್ಟು ನನ್ನ ಪಾದದ ಮೇಲೆ ಉದುರಿತು.

ಅಂಥ ಗರಗಸ ಆಗ ಕಲ್ಯಾಣಿಯಲ್ಲಿ ಯಾರ ಹತ್ತಿರವೂ ಇರಲಿಲ್ಲ. ಉಕ್ಕು ವಿಲಾಯತಿಯದು, ಹಲ್ಲು ನಮ್ಮದು. ಅದು ಗೆರೆಯ ಮೇಲೆ ಎಳೆದ ದಾರದ ಹಾಗೆ ಹೋಗುತ್ತಿತ್ತು.

ಹೆಣ್ಣು ಕೂಸು ಹುಟ್ಟಿತು. ನಾಮಕರಣದ ದಿನ ಚಿಟಗುಪ್ಪೆಯಿಂದ ಎರಡು ಬಂಡಿ ಬಂದವು. ತೊಟ್ಟಿಲನ್ನು ಪಡಸಾಲೆಯ ತೊಲೆಗೆ ತೂಗುಹಾಕಿದ್ದೆ. ಅಕ್ಕನ ಅತ್ತೆ ಕೂಸನ್ನು ನೋಡುವ ಮೊದಲು ತೊಟ್ಟಿಲನ್ನು ನೋಡಿದರು. ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದರು, ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ಕಿರ್ ಅನ್ನಲಿಲ್ಲ.

"ಸ್ವಲ್ಪ ಗಿಡ್ಡ ಅದಲ್ಲ?" ಅಂದರು.

"ಕೂಸೂ ಗಿಡ್ಡೇ ಅದರಿ ಅತ್ತಿ," ಅಂದಳು ಅಕ್ಕ. "ಬೆಳದ ಮ್ಯಾಲ ಯಾರು ತೊಟ್ಟಿಲದಾಗ ಮಲಗ್ತಾರ?"

ಬಂದ ಹೆಂಗಸರು ನಕ್ಕರು. ಈ ಸಲದ ನಗು ಬೇರೆಯಾಗಿತ್ತು.

"ಯಾವ ಅಂಗಡ್ಯಾಗ ತಗೊಂಡ್ರಿ?"

"ಅಂಗಡ್ಯಾಗಲ್ಲರಿ. ತಮ್ಮ ಮಾಡ್ಯಾನ, ತನ್ನ ಸ್ವಂತ ಹತ್ಯಾರದಿಂದ."

ಅತ್ತೆ ಇನ್ನೊಮ್ಮೆ ಮೂಲೆಗಳನ್ನು ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಮನಿ ಬಾಗಿಲ ಚೌಕಟ್ಟಿಗಿ ಹುಳ ಹತ್ಯಾದ. ಒಮ್ಮಿ ಬಂದು ನೋಡಪ," ಅಂದರು. ನನ್ನ ಸ್ವಂತದ ಮೊದಲ ಕೆಲಸ ಅದೇ. ಆ ವರ್ಷದ ಖಂಡೆ ಪೂಜೆಯಲ್ಲಿ ಸಾಣೆಕಲ್ಲಿನ ಪಕ್ಕ ಬಾಚಿ, ಎರಡು ಉಳಿ, ರಂದಾ, ಬೈರಿಗೆ, ಕಾನಸು, ಗರಗಸ ಇಟ್ಟೆ. ಮೇಸ್ತ್ರಿ ಗರಗಸದ ಹಲ್ಲು ನೋಡಿ, ಮರುದಿನದಿಂದ ಪೂರ್ತಿ ಪಗಾರ ಕೊಟ್ಟ.

ಯುದ್ಧದ ವರ್ಷಗಳಲ್ಲಿ ಬಜಾರಿನಲ್ಲಿ ಒಂದು ಮೊಳೆಯೂ ಸಿಗದಾದಾಗ ಹಲವು ಬಡಿಗರು ಹಳೆಯ ಹತ್ಯಾರದಲ್ಲಿ ತಿಣುಕಾಡಿದರು. ನನ್ನ ಕೆಲಸ ನಿಲ್ಲಲಿಲ್ಲ. ಹುಮನಾಬಾದಿನಲ್ಲಿ, ಘಾಟಬೋರಾಳದಲ್ಲಿ ಎಷ್ಟೋ ಮನೆಗಳ ಬಾಗಿಲು ಆ ಗರಗಸದಿಂದ ಕೊಯ್ದದ್ದು. ತೊಟ್ಟಿಲಿನಲ್ಲಿ ಅಕ್ಕನ ನಾಲ್ಕು ಮಕ್ಕಳು ಮಲಗಿದವು.

"ಕೂತು ನೋಡಿದಿ?" ಎಂಬ ಮಾತು ಅಕ್ಕನ ಬಾಯಿಯಲ್ಲಿ ಉಳಿದೇಹೋಯಿತು. ಎತ್ತು ಕೊಂಡೆ ಅಂದರೆ, "ಕೂತು ನೋಡಿದಿ?" ನನಗೆ ಹೆಣ್ಣು ನೋಡಿ ಬಂದಾಗ ಅವ್ವನ ಎದುರಿಗೇ, "ಕೂತು ನೋಡಿದಿಯೋ, ಬಾಗಿಲಾಗ ನಿಂತು ನೋಡಿ ಬಂದಿಯೋ?" ಪ್ರತಿ ನಾಗರ ಪಂಚಮಿಗೆ ತವರಿಗೆ ಬಂದಾಗ ಗೋಡೆಯ ಮೇಲಿನ ಗರಗಸವನ್ನು ತಾನೇ ಇಳಿಸಿ ಹಲ್ಲುಗಳ ಮೇಲೆ ಬೆರಳು ಆಡಿಸಿ, ಮತ್ತೆ ಅದೇ ಮೊಳೆಗೆ ಹಾಕುತ್ತಿದ್ದಳು.

ಈ ಸಲದ ಪಂಚಮಿಗೆ ಅದನ್ನು ಇಳಿಸುವವರು ಇರಲಿಲ್ಲ. ನನ್ನ ಮನೆಯನ್ನು ತವರು ಅನ್ನುತ್ತಿದ್ದವಳು ಅವಳೊಬ್ಬಳೇ. ಅವಳು ಹೋದ ಮೇಲೆ ಇದು ನನ್ನ ಮನೆ, ಅಷ್ಟೆ. ಹಬ್ಬದ ಮರುದಿನ ನಾನೇ ಗರಗಸವನ್ನು ಇಳಿಸಿದೆ. ಮಸೆದು ಮಸೆದು ಅಲಗು ಎರಡು ಬೆರಳಿನಷ್ಟು ಅಗಲ ಉಳಿದಿದೆ. ದಪ್ಪ ಕಟ್ಟಿಗೆಗೆ ಇನ್ನು ಆಗುವುದಿಲ್ಲ.

ಹೋದ ತಿಂಗಳು ಹುಮನಾಬಾದಿಗೆ ಹೋದೆ. ಚಾಚಾ ಹೋಗಿ ಬಹಳ ವರ್ಷವಾಯಿತು, ಅಂಗಡಿ ಬೇರೆಯವರದಾಗಿದೆ. ಗೋಡೆಯ ಮೇಲೆ ಈಗ ಹೊಳೆಯುವ ಗರಗಸಗಳೇ ತುಂಬಿವೆ. ನಾಲ್ಕನ್ನು ಇಳಿಸಿ ಕೊಡಲು ಹೇಳಿದೆ, ಒಂದು ಕಟ್ಟಿಗೆಯ ತುಂಡನ್ನೂ ಕೇಳಿದೆ. ಧೋತರ ಎತ್ತಿಕಟ್ಟಿ ಅಂಗಡಿಯ ಮುಂದೆ ನೆಲಕ್ಕೆ ಕುಳಿತು, ತುಂಡನ್ನು ಪಾದಗಳ ನಡುವೆ ಹಿಡಿದೆ.

"ಯಜಮಾನ್ರ, ಬೆಂಚು ಅದರಿ ಕೂಡಾಕ," ಅಂದ ಅಂಗಡಿಯವನು. ಹಿಂದೆ ನಿಂತಿದ್ದ ಯಾರೋ ನಕ್ಕರು.

"ಇರ್ಲಿ. ನಾ ಕೂತೇ ನೋಡ್ತೀನಿ," ಅಂದೆ.

ನಾಲ್ಕನ್ನೂ ಕುಳಿತೇ ನೋಡಿದೆ. ನಾಲ್ಕೂ ತಳ್ಳುವವೇ, ಆದರೆ ಮೂರನೆಯದರ ಉಕ್ಕು ಚೆನ್ನಾಗಿತ್ತು. ಅದನ್ನು ತೆಗೆದಿಟ್ಟು, ಜೊತೆಗೆ ಒಂದು ಮುಮ್ಮೂಲೆ ಕಾನಸು ಕೊಡಲು ಹೇಳಿದೆ.